ಪಕ್ಷವೇ ಬೇಡ ಅಂದವರು ಕಟ್ಟಿದ ಪಕ್ಷಗಳು: ಅಮೆರಿಕದ ಮೊದಲ ರಾಜಕೀಯ ಪಕ್ಷಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದಲ್ಲಿ ಚುನಾವಣೆ ಬಂದಾಗ ನಮ್ಮ ಟಿವಿಯಲ್ಲೂ ಡೆಮಾಕ್ರಟ್ ಪಕ್ಷದ ಗುರುತಾದ ಕತ್ತೆ, ರಿಪಬ್ಲಿಕನ್ ಪಕ್ಷದ ಗುರುತಾದ ಆನೆ ಓಡಾಡುತ್ತವೆ. ಡೆಮಾಕ್ರಟ್ ಯಾರು, ರಿಪಬ್ಲಿಕನ್ ಯಾರು ಅನ್ನುವುದು ಹೆಚ್ಚಿನವರಿಗೆ ಗೊತ್ತು. ಇವರಿಗೂ ಮೊದಲು ಯಾರಿದ್ದರು ಅಂತ ಕೇಳಿದರೆ ಮಾತ್ರ ಗೊಂದಲ ಶುರು. ಅಲ್ಲಿನ ಹೆಸರುಗಳೇ ಹಾಗಿವೆ. ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಅಮೆರಿಕದ ಸಂವಿಧಾನ ಪಕ್ಷಗಳ ಬಗ್ಗೆ ಏನು ಹೇಳುತ್ತದೆ?

ಏನೂ ಹೇಳುವುದಿಲ್ಲ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಬರೆದ ಆ ಸಂವಿಧಾನದಲ್ಲಿ ಪಕ್ಷ ಅನ್ನುವ ಮಾತೇ ಇಲ್ಲ. ಇದು ಮರೆವಲ್ಲ. ಪಕ್ಷ ಅಂದರೆ ಊರು ಒಡೆಯುವ ಗುಂಪುಗಾರಿಕೆ ಅಂತ ಆ ಕಾಲದವರ ಲೆಕ್ಕ. ಅದೇ ವರ್ಷ ನವೆಂಬರ್‌ನಲ್ಲಿ ಆ ಸಂವಿಧಾನ ಬರೆಯುವುದರಲ್ಲಿ ಮುಂದಿದ್ದ ಜೇಮ್ಸ್ ಮ್ಯಾಡಿಸನ್ ಪತ್ರಿಕೆಗೆ ಒಂದು ಲೇಖನ ಬರೆದು ಈ ಕಾಯಿಲೆಗೆ ಮದ್ದು ಸೂಚಿಸಿದ. ದೇಶ ದೊಡ್ಡದಿದ್ದರೆ ಗುಂಪುಗಳೂ ಜಾಸ್ತಿ ಇರುತ್ತವೆ, ಆಗ ಯಾವ ಒಂದು ಗುಂಪಿಗೂ ಉಳಿದವರ ತಲೆ ಮೇಲೆ ಕೂರಲು ಆಗುವುದಿಲ್ಲ ಅನ್ನುವುದು ಅವನ ವಾದ. ನಾಲ್ಕೇ ವರ್ಷ ಕಳೆಯುವಷ್ಟರಲ್ಲಿ ಅದೇ ಮ್ಯಾಡಿಸನ್ ಒಂದು ಪಕ್ಷ ಕಟ್ಟುವುದರಲ್ಲಿ ಮುಳುಗಿದ್ದ.

ಫೆಡರಲಿಸ್ಟ್ ಅಂದ್ರೆ ರಾಜ್ಯಗಳಿಗೆ ಜಾಸ್ತಿ ಅಧಿಕಾರ ಕೊಡಿ ಅನ್ನುವವರು ಅಲ್ವಾ?

ನಮ್ಮ ದೇಶದಲ್ಲಿ ಹಾಗೆ. ಇಲ್ಲಿ ಒಕ್ಕೂಟ ವ್ಯವಸ್ಥೆ ಉಳಿಸಿ ಅಂತ ಕೂಗುವವರು ರಾಜ್ಯದ ಪಾಲು ಕೇಳುವವರು. ಅಲ್ಲಿ ಪೂರ್ತಿ ಉಲ್ಟಾ. ಸ್ವಾತಂತ್ರ್ಯ ಬಂದ ಹೊಸದರಲ್ಲಿ 13 ರಾಜ್ಯಗಳೂ ತಮ್ಮ ಪಾಡಿಗೆ ತಾವಿದ್ದವು, ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. ಇವನ್ನೆಲ್ಲ ಗಟ್ಟಿಯಾಗಿ ಕಟ್ಟಬೇಕು, ಬಲವಾದ ಕೇಂದ್ರ ಬೇಕು ಅಂದವರು ತಮ್ಮನ್ನು ಫೆಡರಲಿಸ್ಟ್ ಅಂತ ಕರೆದುಕೊಂಡರು. ಬೇಡ ಅಂದವರಿಗೆ ಆಂಟಿ-ಫೆಡರಲಿಸ್ಟ್ ಅನ್ನುವ ಪಟ್ಟ ಸಿಕ್ಕಿತು. ಒಳ್ಳೆಯ ಹೆಸರನ್ನು ಮೊದಲೇ ಹಿಡಿದುಕೊಂಡರೆ ಅರ್ಧ ಜಗಳ ಗೆದ್ದ ಹಾಗೆ.

ಇಲ್ಲಿ ಇನ್ನೊಂದು ತೊಡಕಿದೆ. 1787-88ರ ಫೆಡರಲಿಸ್ಟರು ಬೇರೆ, 1790ರ ದಶಕದ ಫೆಡರಲಿಸ್ಟ್ ಪಕ್ಷ ಬೇರೆ. ಮೊದಲನೆಯದು ಸಂವಿಧಾನ ಒಪ್ಪಿ ಅಂದವರ ಬಳಗ. ಆ ಬಳಗದಲ್ಲಿ ಮ್ಯಾಡಿಸನ್ ಮುಂದಾಳು, ಎರಡನೆಯದಕ್ಕೆ ಅವನೇ ದೊಡ್ಡ ಎದುರಾಳಿ. ಸಂವಿಧಾನದ ವಿರುದ್ಧ ಗುಡುಗಿದ್ದ ವರ್ಜೀನಿಯಾದ ಪ್ಯಾಟ್ರಿಕ್ ಹೆನ್ರಿ ಕೊನೆಗಾಲದಲ್ಲಿ ಫೆಡರಲಿಸ್ಟ್ ಪಕ್ಷದ ಕಡೆ ವಾಲಿದ. ಹಾಗಾಗಿ ಹೆಸರು ನೋಡಿ ಗೆರೆ ಎಳೆಯಲು ಹೋಗಬೇಡಿ.

ಹಾಗಾದರೆ ನಿಜವಾದ ಜಗಳ ಎಲ್ಲಿಂದ ಶುರುವಾಯಿತು?

ಸಾಲದಿಂದ. ಸಿದ್ಧಾಂತದ ಮಾತು ಆಮೇಲೆ ಬಂತು ಅನ್ನುವುದು ನನ್ನ ಅಭಿಪ್ರಾಯ.

ಬ್ರಿಟಿಷರ ವಿರುದ್ಧ ಯುದ್ಧ ಮಾಡಿದ ಸೈನಿಕರಿಗೆ ಕೊಡಲು ಸರ್ಕಾರದ ಹತ್ತಿರ ಹಣ ಇರಲಿಲ್ಲ. ಮುಂದೆ ಕೊಡುತ್ತೇವೆ ಅಂತ ಕಾಗದ ಬರೆದುಕೊಟ್ಟರು. ಯುದ್ಧ ಮುಗಿದು ವರ್ಷಗಳಾದರೂ ಹಣ ಬರಲಿಲ್ಲ. ಹೊಲಕ್ಕೆ ಬಿತ್ತನೆ ಬೇಕು, ಮನೆ ನಡೆಯಬೇಕು. ಎಷ್ಟೋ ಸೈನಿಕರು ಆ ಕಾಗದವನ್ನು ಮುಖಬೆಲೆಯ ಕಾಲು ಭಾಗಕ್ಕೂ ಕಡಿಮೆ ಬೆಲೆಗೆ ಮಾರಿಕೊಂಡರು. ಕೊಂಡವರು ಊರೂರಿಂದ ಹುಡುಕಿ ತರಿಸಿದ ದಲ್ಲಾಳಿಗಳು ಮತ್ತು ಪಟ್ಟಣದ ಹಣವಂತರು.

1790ರ ಜನವರಿಯಲ್ಲಿ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒಂದು ವರದಿ ಇಟ್ಟ. ಕೇಂದ್ರದ ಸಾಲ ಸುಮಾರು 5.4 ಕೋಟಿ ಡಾಲರ್. ರಾಜ್ಯಗಳ ಯುದ್ಧದ ಸಾಲ ಇನ್ನೂ ಸುಮಾರು 2.5 ಕೋಟಿ. ಎರಡನ್ನೂ ಕೇಂದ್ರವೇ ಹೊತ್ತುಕೊಳ್ಳಬೇಕು, ಈಗ ಕಾಗದ ಯಾರ ಕೈಯಲ್ಲಿದೆಯೋ ಅವರಿಗೇ ಪೂರ್ತಿ ಬೆಲೆ ಸಲ್ಲಬೇಕು ಅಂದ. ಅವನ ಲೆಕ್ಕ ಸರಳ. ಸಾಲ ತೀರಿಸುವ ದೇಶಕ್ಕೆ ಮಾತ್ರ ಮತ್ತೆ ಸಾಲ ಹುಟ್ಟುತ್ತದೆ. ಹಣವಂತರ ದುಡ್ಡು ಸರ್ಕಾರದಲ್ಲಿ ಸಿಕ್ಕಿಕೊಂಡಿದ್ದರೆ ಸರ್ಕಾರ ಉಳಿಯಲಿ ಅಂತ ಅವರೇ ಹಾರೈಸುತ್ತಾರೆ.

ಮ್ಯಾಡಿಸನ್‌ಗೆ ಇದು ಹೊಟ್ಟೆಗೆ ಹಿಡಿಸಲಿಲ್ಲ. ರಕ್ತ ಸುರಿಸಿದ ಸೈನಿಕನಿಗೆ ಚಿಲ್ಲರೆ, ಕೂತಲ್ಲೇ ಕಾಗದ ಕೊಂಡವನಿಗೆ ಪೂರ್ತಿ ಹಣ, ಇದು ಯಾವ ನ್ಯಾಯ? ಮೊದಲು ಕಾಗದ ಪಡೆದವನಿಗೂ ಒಂದು ಪಾಲು ಕೊಡಿ ಅಂತ ಕೇಳಿದ. ಕೆಳಮನೆಯಲ್ಲಿ 36-13 ಮತಗಳಿಂದ ಸೋತ. ಕೈಯಿಂದ ಕೈಗೆ ದಾಟಿದ ಲಕ್ಷಾಂತರ ಕಾಗದಗಳಿಗೆ ಮೊದಲ ವಾರಸುದಾರ ಯಾರು ಅಂತ ಹುಡುಕುವುದು ಆಗದ ಕೆಲಸ ಅನ್ನುವ ಹ್ಯಾಮಿಲ್ಟನ್ ಮಾತಿನಲ್ಲೂ ಹುರುಳಿತ್ತು. ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಂದಿಗೂ ಯಾರು ಸರಿ ಅಂತ ಹೇಳುವುದು ಕಷ್ಟ.

ಒಂದು ರಾತ್ರಿ ಊಟದಲ್ಲಿ ರಾಜಧಾನಿ ತೀರ್ಮಾನವಾಯಿತಂತೆ, ನಿಜವಾ?

ಊಟ ನಡೆದದ್ದು ನಿಜ. 1790ರ ಜೂನ್‌ನಲ್ಲಿ, ನ್ಯೂಯಾರ್ಕಿನ ಮೇಡನ್ ಲೇನ್‌ನಲ್ಲಿ ಥಾಮಸ್ ಜೆಫರ್ಸನ್ ಹಿಡಿದಿದ್ದ ಬಾಡಿಗೆ ಮನೆಯಲ್ಲಿ. ಜೆಫರ್ಸನ್ ಆಗ ವಿದೇಶಾಂಗ ಮಂತ್ರಿ. ರಾಜ್ಯಗಳ ಸಾಲವನ್ನು ಕೇಂದ್ರ ಹೊರುವ ಮಸೂದೆ ಬಿದ್ದುಹೋಗಿತ್ತು. ವರ್ಜೀನಿಯಾ ತನ್ನ ಸಾಲವನ್ನು ಬಹುಮಟ್ಟಿಗೆ ತೀರಿಸಿಕೊಂಡಿತ್ತು. ಮ್ಯಾಸಚೂಸೆಟ್ಸ್ ಸಾಲ ನಾವ್ಯಾಕೆ ಕಟ್ಟಬೇಕು ಅನ್ನುವುದು ಅದರ ತಕರಾರು. ಅಧ್ಯಕ್ಷರ ಮನೆ ಮುಂದೆ ಸಿಕ್ಕ ಹ್ಯಾಮಿಲ್ಟನ್ ಮುಖ ಬಾಡಿ, ಬಟ್ಟೆಬರೆಯ ಮೇಲೂ ಗಮನವಿಲ್ಲದೆ ನಿಂತಿದ್ದ ಅಂತ ಜೆಫರ್ಸನ್ ಆಮೇಲೆ ಬರೆದಿಟ್ಟಿದ್ದಾನೆ. ಅವನನ್ನೂ ಮ್ಯಾಡಿಸನ್‌ನನ್ನೂ ಊಟಕ್ಕೆ ಕರೆದ. ಒಪ್ಪಂದ ಇಷ್ಟು: ಸಾಲದ ಮಸೂದೆಗೆ ವರ್ಜೀನಿಯಾ ಕಡೆಯಿಂದ ಒಂದೆರಡು ಮತ ಹೊಂದಿಸುವುದು, ಅದಕ್ಕೆ ಬದಲಾಗಿ ರಾಜಧಾನಿಯನ್ನು ದಕ್ಷಿಣಕ್ಕೆ, ಪೊಟೊಮ್ಯಾಕ್ ನದಿ ದಂಡೆಗೆ ಒಯ್ಯುವುದು. ಇಂದಿನ ವಾಷಿಂಗ್ಟನ್ ನಗರ ಅಲ್ಲೇ ಎದ್ದಿತು.

ಆ ಒಂದು ಊಟವೇ ಎಲ್ಲವನ್ನೂ ಮುಗಿಸಿತು ಅನ್ನುವುದನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಬೇರೆ ಮಾತುಕತೆಗಳೂ ನಡೆದಿದ್ದವು. ನಾನು ಮೋಸ ಹೋದೆ ಅಂತ ಜೆಫರ್ಸನ್ ಮಾತ್ರ ಮುಂದೆ ಪದೇ ಪದೇ ಹೇಳಿಕೊಂಡ.

ಬ್ಯಾಂಕಿನ ಜಗಳ ಏನು? ಅದಕ್ಕೆ ಅಷ್ಟು ಮಹತ್ವ ಯಾಕೆ?

ಸಾಲದ ಬೆನ್ನಿಗೆ ಹ್ಯಾಮಿಲ್ಟನ್ ರಾಷ್ಟ್ರೀಯ ಬ್ಯಾಂಕ್ ಕೇಳಿದ. ಬಂಡವಾಳ 1 ಕೋಟಿ ಡಾಲರ್, ಅದರಲ್ಲಿ ಐದನೇ ಒಂದು ಭಾಗ ಸರ್ಕಾರದ್ದು, ಪರವಾನಗಿ 20 ವರ್ಷಕ್ಕೆ. ಬ್ಯಾಂಕ್ ತೆರೆಯುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿ ಬರೆದಿದೆ ತೋರಿಸಿ ಅಂತ ಜೆಫರ್ಸನ್ ಪಟ್ಟು ಹಿಡಿದ. ಬರೆದಿಲ್ಲ ಅಂದರೆ ಇಲ್ಲ. ಹ್ಯಾಮಿಲ್ಟನ್ ಉತ್ತರ ಬೇರೆ. ಅಧಿಕಾರಗಳನ್ನು ನಡೆಸಲು ಅಗತ್ಯ ಮತ್ತು ಸೂಕ್ತವಾದ ಕಾನೂನು ಮಾಡಬಹುದು ಅಂತ ಸಂವಿಧಾನವೇ ಹೇಳುತ್ತದೆ, ತೆರಿಗೆ ಎತ್ತಬೇಕು, ಸಾಲ ತರಬೇಕು ಅಂದಮೇಲೆ ಬ್ಯಾಂಕೂ ಅದರೊಳಗೇ ಬಂತು ಅಂದ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇಬ್ಬರ ಬರಹವನ್ನೂ ತರಿಸಿ ಓದಿ 1791ರ ಫೆಬ್ರುವರಿ 25ರಂದು ಸಹಿ ಹಾಕಿದ.

ಸಂವಿಧಾನವನ್ನು ಅಕ್ಷರಕ್ಕೆ ಅಕ್ಷರ ಓದಬೇಕೋ, ಸ್ವಲ್ಪ ಸಡಿಲವಾಗಿ ಓದಬೇಕೋ ಅನ್ನುವ ವಾದ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಅದು ಮೊದಲ ಬಾರಿ ಜೋರಾಗಿ ಕೇಳಿದ್ದು ಒಂದು ಬ್ಯಾಂಕಿನ ಲೆಕ್ಕದಲ್ಲಿ.

ಒಟ್ಟಿನಲ್ಲಿ ಎರಡು ಪಕ್ಷಗಳು ಏನನ್ನು ನಂಬಿದ್ದವು?

ಫೆಡರಲಿಸ್ಟರಿಗೆ ಬಲವಾದ ಕೇಂದ್ರ ಬೇಕಿತ್ತು. ವ್ಯಾಪಾರ, ಹಡಗು, ಬ್ಯಾಂಕು, ಕಾರ್ಖಾನೆ ಬೆಳೆಯಬೇಕಿತ್ತು. ಬ್ರಿಟನ್ ಜೊತೆ ವ್ಯಾಪಾರ ಕೆಡಬಾರದಿತ್ತು. ಓದು, ಆಸ್ತಿ, ಅನುಭವ ಇದ್ದವರು ಆಳಲಿ, ಜನ ಮತ ಹಾಕಿ ಸುಮ್ಮನಿರಲಿ ಅನ್ನುವ ಮನೋಭಾವ. ಈಶಾನ್ಯದ ನ್ಯೂ ಇಂಗ್ಲೆಂಡ್ ಭಾಗದ ರಾಜ್ಯಗಳು, ಬಂದರು ಪಟ್ಟಣಗಳು ಅವರ ಕೋಟೆ.

ಎದುರಿನವರು ತಮ್ಮನ್ನು ರಿಪಬ್ಲಿಕನ್ ಅಂದುಕೊಂಡರು. ಜೆಫರ್ಸನ್, ಮ್ಯಾಡಿಸನ್ ಇದರ ಜೋಡೆತ್ತು. ಸ್ವಂತ ಹೊಲ ಉಳುವ ರೈತನೇ ದೇಶದ ಬೆನ್ನೆಲುಬು, ಸಾಲ ಮತ್ತು ಕಾಯಂ ಸೈನ್ಯ ಎರಡೂ ಜನರ ಕೊರಳಿಗೆ ಉರುಳು, ಅಧಿಕಾರ ಆದಷ್ಟು ರಾಜ್ಯಗಳಲ್ಲೇ ಇರಲಿ ಅಂತ ಅವರ ನಂಬಿಕೆ. ಹ್ಯಾಮಿಲ್ಟನ್ ಕಟ್ಟುತ್ತಿರುವುದು ಇಂಗ್ಲೆಂಡಿನ ನಕಲು, ಇವತ್ತು ಬ್ಯಾಂಕ್, ನಾಳೆ ರಾಜ ಅಂತ ನಿಜವಾಗಿಯೂ ಹೆದರಿದ್ದರು. ದಕ್ಷಿಣ ಮತ್ತು ಪಶ್ಚಿಮದ ಗಡಿ ಭಾಗ ಅವರ ಕಡೆ. ಪಟ್ಟಣಗಳ ಕುಶಲಕರ್ಮಿಗಳೂ ಬರುಬರುತ್ತಾ ಸೇರಿಕೊಂಡರು.

ಇದರಲ್ಲಿ ಎಡ ಯಾರು, ಬಲ ಯಾರು ಅಂತ ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆಯೇ ಹೊಂದುವುದಿಲ್ಲ ಅನಿಸುತ್ತದೆ. ಜನರ ಆಳ್ವಿಕೆ ಅಂತ ಜೋರಾಗಿ ಕೂಗಿದ ಪಕ್ಷದ ಮುಂದಾಳುಗಳು ನೂರಾರು ಗುಲಾಮರ ಒಡೆಯರು. ಜನರ ಮೇಲೆ ಭರವಸೆ ಇಲ್ಲದ ಪಕ್ಷದಲ್ಲಿ ಗುಲಾಮಗಿರಿ ಬೇಡ ಅಂದವರು ಜಾಸ್ತಿ.

ಗುಲಾಮಗಿರಿ ವಿಷಯದಲ್ಲಿ ಪಕ್ಷಗಳ ನಿಲುವು ಏನಿತ್ತು?

ನೇರವಾದ ಪಕ್ಷದ ನಿಲುವು ಎರಡರಲ್ಲೂ ಇರಲಿಲ್ಲ. ಆ ವಿಷಯ ಎತ್ತಿದರೆ ದೇಶ ಒಡೆಯುತ್ತದೆ ಅಂತ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡರು. ಫೆಡರಲಿಸ್ಟ್ ಜಾನ್ ಜೇ ನ್ಯೂಯಾರ್ಕಿನಲ್ಲಿ 1785ರಲ್ಲೇ ಗುಲಾಮರ ಬಿಡುಗಡೆಗೆ ಸಂಘ ಕಟ್ಟಿದವರಲ್ಲಿ ಒಬ್ಬ, ಆದರೆ ಅವನ ಮನೆಯಲ್ಲೂ ಗುಲಾಮರಿದ್ದರು. ದಕ್ಷಿಣ ಕ್ಯಾರೊಲಿನಾದ ಫೆಡರಲಿಸ್ಟರು ದೊಡ್ಡ ಗುಲಾಮ ಒಡೆಯರೇ. ಜೆಫರ್ಸನ್ ತನ್ನ ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ.

ಲೆಕ್ಕದ ಒಂದು ವಿಚಾರ ಮಾತ್ರ ಗಮನಿಸಲೇಬೇಕು. ಯಾವ ರಾಜ್ಯಕ್ಕೆ ಸಂಸತ್ತಿನಲ್ಲಿ ಎಷ್ಟು ಸೀಟು, ಅದರ ಮೇಲೆ ಅಧ್ಯಕ್ಷನ ಚುನಾವಣೆಯಲ್ಲಿ ಎಷ್ಟು ಮತ ಅಂತ ಹಂಚುವಾಗ ಐವರು ಗುಲಾಮರನ್ನು ಮೂವರು ಅಂತ ಎಣಿಸುತ್ತಿದ್ದರು. ಅವರಿಗೆ ಮತವಿಲ್ಲ, ಅವರ ತಲೆ ಎಣಿಸಿದ ಲಾಭ ಒಡೆಯರ ರಾಜ್ಯಕ್ಕೆ. ಈ ಹೆಚ್ಚುವರಿ ಸೀಟುಗಳು ಇಲ್ಲದಿದ್ದರೆ 1800ರಲ್ಲಿ ಜೆಫರ್ಸನ್ ಸೋಲುತ್ತಿದ್ದ ಅಂತ ಇತಿಹಾಸಕಾರರು ಲೆಕ್ಕ ಹಾಕಿ ತೋರಿಸಿದ್ದಾರೆ.

ಜಾರ್ಜ್ ವಾಷಿಂಗ್ಟನ್ ಯಾವ ಪಕ್ಷ?

ಯಾವ ಪಕ್ಷವೂ ಅಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಎರಡು ಸಲವೂ ಅವಿರೋಧವಾಗಿ ಆರಿಸಿ ಬಂದ. 1796ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಬೀಳ್ಕೊಡುಗೆಯ ಮಾತಿನಲ್ಲಿ ಪಕ್ಷದ ಹುಚ್ಚಿನ ಬಗ್ಗೆ ಕಟುವಾಗಿ ಎಚ್ಚರಿಸಿದ. ಆದರೆ ಆ ಬೀಳ್ಕೊಡುಗೆ ಬರೆದುಕೊಟ್ಟವನು ಯಾರು? ಬಹುಪಾಲು ಹ್ಯಾಮಿಲ್ಟನ್. ಅದಕ್ಕೂ ಮುಂಚೆ, 1792ರಲ್ಲಿ, ಮೊದಲ ಕರಡು ಮಾಡಿಕೊಟ್ಟಿದ್ದವನು ಮ್ಯಾಡಿಸನ್. ಎರಡು ಪಕ್ಷಗಳ ಇಬ್ಬರು ಮುಂದಾಳುಗಳು ಕೂಡಿ ಬರೆದ ಪಕ್ಷ ವಿರೋಧಿ ಭಾಷಣ ಅದು! ತೀರ್ಮಾನಗಳಲ್ಲಿ ವಾಷಿಂಗ್ಟನ್ ಹ್ಯಾಮಿಲ್ಟನ್ ಕಡೆಗೇ ವಾಲುತ್ತಿದ್ದ, ಜೆಫರ್ಸನ್ 1793ರ ಕೊನೆಗೆ ಬೇಸತ್ತು ಸಂಪುಟ ಬಿಟ್ಟ.

ಪತ್ರಿಕೆಗಳ ಪಾತ್ರ ಏನು?

ಆಗ ಪಕ್ಷಕ್ಕೆ ಕಚೇರಿ ಇರಲಿಲ್ಲ, ಸದಸ್ಯತ್ವದ ಚೀಟಿ ಇರಲಿಲ್ಲ. ಪತ್ರಿಕೆಯೇ ಪಕ್ಷ. ಜಾನ್ ಫೆನ್ನೋ ಅನ್ನುವವನ ಪತ್ರಿಕೆ ಹ್ಯಾಮಿಲ್ಟನ್ ಪರ ಬರೆಯುತ್ತಿತ್ತು, ಸರ್ಕಾರದ ಮುದ್ರಣದ ಕೆಲಸವೂ ಅದಕ್ಕೆ ಸಿಗುತ್ತಿತ್ತು. ಇದಕ್ಕೆ ಎದುರಾಗಿ ಜೆಫರ್ಸನ್, ಮ್ಯಾಡಿಸನ್ ಸೇರಿ ಕವಿ ಫಿಲಿಪ್ ಫ್ರೆನೊವನ್ನು ಫಿಲಡೆಲ್ಫಿಯಾಕ್ಕೆ ಕರೆಸಿದರು. ಜೆಫರ್ಸನ್ ತನ್ನ ಇಲಾಖೆಯಲ್ಲಿ ಅವನಿಗೆ ಅನುವಾದಕನ ಕೆಲಸ ಕೊಟ್ಟ, ವರ್ಷಕ್ಕೆ 250 ಡಾಲರ್ ಸಂಬಳ. 1791ರ ಅಕ್ಟೋಬರ್‌ನಲ್ಲಿ ಪತ್ರಿಕೆ ಶುರು. ಸರ್ಕಾರದ ಸಂಬಳ ತಿಂದು ಸರ್ಕಾರವನ್ನೇ ಬೈಯುವ ಕೆಲಸ! ಹ್ಯಾಮಿಲ್ಟನ್ ಇದನ್ನು ಸುಮ್ಮನೆ ಬಿಡಲಿಲ್ಲ, ಬೇರೆ ಹೆಸರಿನಲ್ಲಿ ಬರೆದು ಬಯಲಿಗೆಳೆದ.

ಈ ಫ್ರೆನೊ ಹೆಸರು ಬಂದಾಗ ಒಂದು ಅಡ್ಡ ಮಾತು ಹೇಳದೆ ಇರಲಾರೆ. 1782ರಲ್ಲಿ, ಬ್ರಿಟಿಷರ ಜೊತೆ ಯುದ್ಧ ಇನ್ನೂ ಪೂರ್ತಿ ಮುಗಿಯದಿದ್ದಾಗ, ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ಇಟ್ಟ ಹೆಸರು ‘ಹೈದರ್ ಅಲಿ’. ನಮ್ಮ ಮೈಸೂರಿನ ಹೈದರ್ ಅಲಿಯೇ. ಬ್ರಿಟಿಷರಿಗೆ ನೀರು ಕುಡಿಸುತ್ತಿದ್ದವನ ಹೆಸರು ಅಲ್ಲಿಗೂ ಮುಟ್ಟಿತ್ತು. ಆ ಹಡಗು ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಹಿಡಿದುಹಾಕಿತು. ಅದರ ಮೇಲೆ ಪದ್ಯ ಕಟ್ಟಿದವನು ಇದೇ ಫ್ರೆನೊ.

ಫ್ರಾನ್ಸ್‌ನಲ್ಲಿ ಕ್ರಾಂತಿಯಾದರೆ ಅಮೆರಿಕದಲ್ಲಿ ಯಾಕೆ ಜಗಳ?

ಮನೆಯೊಳಗಿನ ಮುನಿಸು ಬೀದಿಗೆ ಬಂದದ್ದೇ ಆಗ. ಫ್ರಾನ್ಸ್ ರಾಜನ ತಲೆ ಕಡಿದು 1793ರಲ್ಲಿ ಬ್ರಿಟನ್ ಮೇಲೆ ಯುದ್ಧ ಸಾರಿತು. ರಿಪಬ್ಲಿಕನ್ನರಿಗೆ ಫ್ರಾನ್ಸ್ ಅಂದರೆ ತಮ್ಮ ಕ್ರಾಂತಿಯ ತಂಗಿ. ಫೆಡರಲಿಸ್ಟರಿಗೆ ಅದು ತಲೆ ಕಡಿಯುವ ಗಿಲೊಟಿನ್ ಯಂತ್ರ, ನಾಸ್ತಿಕತೆ, ಗಲಭೆ. ಜನ ಟೋಪಿಗೆ ಸಿಕ್ಕಿಸುವ ರಿಬ್ಬನ್ ಹೂವಿನಲ್ಲೇ ಪಕ್ಷ ಗೊತ್ತಾಗುತ್ತಿತ್ತು. ಮೂರು ಬಣ್ಣ ಇದ್ದರೆ ಫ್ರಾನ್ಸ್ ಪರ, ಕಪ್ಪು ಇದ್ದರೆ ಫೆಡರಲಿಸ್ಟ್. ಜಾನ್ ಜೇ ಬ್ರಿಟನ್ ಜೊತೆ ಮಾಡಿಕೊಂಡು ಬಂದ ಒಪ್ಪಂದ 1795ರಲ್ಲಿ ಸೆನೆಟ್‌ನಲ್ಲಿ 20-10ರಲ್ಲಿ ಪಾಸಾಯಿತು. ಬೇಕಾದ ಮೂರನೇ ಎರಡು ಭಾಗಕ್ಕಿಂತ ಒಂದೇ ಒಂದು ಮತವೂ ಜಾಸ್ತಿ ಇರಲಿಲ್ಲ. ಊರೂರಲ್ಲಿ ಜೇ ಪ್ರತಿಕೃತಿ ಸುಟ್ಟರು. ನ್ಯೂಯಾರ್ಕಿನಲ್ಲಿ ಒಪ್ಪಂದದ ಪರ ಮಾತಾಡಲು ನಿಂತ ಹ್ಯಾಮಿಲ್ಟನ್ ಮೇಲೆ ಕಲ್ಲು ಬಿದ್ದವು.

ಸಂಸತ್ತಿನೊಳಗೇ ಹೊಡೆದಾಡಿದರಂತೆ?

ಹೌದು, 1798ರಲ್ಲಿ, ಫಿಲಡೆಲ್ಫಿಯಾದಲ್ಲಿ. ವರ್ಮಾಂಟ್‌ನ ರಿಪಬ್ಲಿಕನ್ ಮ್ಯಾಥ್ಯೂ ಲಯನ್ ಐರ್ಲೆಂಡಿನಿಂದ ಕೂಲಿಯಾಗಿ ಬಂದು ಮೇಲೆ ಬಂದವನು. ಕನೆಕ್ಟಿಕಟ್‌ನ ಫೆಡರಲಿಸ್ಟ್ ರೋಜರ್ ಗ್ರಿಸ್‌ವೋಲ್ಡ್ ಅವನ ಯುದ್ಧಕಾಲದ ಹಳೆಯ ಅವಮಾನವೊಂದನ್ನು ಕೆದಕಿದ. ಲಯನ್ ಅವನ ಮುಖಕ್ಕೆ ಉಗಿದ. ಲಯನ್‌ನನ್ನು ಸದನದಿಂದ ಹೊರಗೆ ಹಾಕಲು ಬೇಕಾದಷ್ಟು ಮತ ಸಿಗಲಿಲ್ಲ. ಫೆಬ್ರುವರಿ 15ರ ಬೆಳಿಗ್ಗೆ ಗ್ರಿಸ್‌ವೋಲ್ಡ್ ದಪ್ಪ ಕೋಲು ಹಿಡಿದು ಬಂದವನೇ ಕೂತಿದ್ದ ಲಯನ್‌ಗೆ ಬಾರಿಸತೊಡಗಿದ. ಲಯನ್ ಏಟು ತಿನ್ನುತ್ತಲೇ ಬೆಂಕಿಗೂಡಿನ ಹತ್ತಿರ ಓಡಿ ಕಬ್ಬಿಣದ ಇಕ್ಕಳ ಎತ್ತಿಕೊಂಡ. ಇಬ್ಬರೂ ನೆಲಕ್ಕೆ ಬಿದ್ದು ಹೊರಳಾಡಿದರು. ಉಳಿದ ಸದಸ್ಯರು ಕಾಲು ಹಿಡಿದು ಎಳೆದು ಬಿಡಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಜುಲೈನಲ್ಲಿ ಜಾನ್ ಆಡಮ್ಸ್ ಅಧ್ಯಕ್ಷನಾಗಿದ್ದಾಗ ಫೆಡರಲಿಸ್ಟರು ರಾಜದ್ರೋಹದ ಕಾನೂನು ತಂದರು. ಸರ್ಕಾರ, ಸಂಸತ್ತು, ಅಧ್ಯಕ್ಷ ಇವರ ಮೇಲೆ ಸುಳ್ಳು ನಿಂದೆ ಬರೆದರೆ ಜೈಲು. ಉಪಾಧ್ಯಕ್ಷನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಆಗ ಉಪಾಧ್ಯಕ್ಷ ಜೆಫರ್ಸನ್! ಅವನನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು. ಕಾನೂನಿಗೆ ಸಿಕ್ಕಿಬಿದ್ದವರಲ್ಲಿ ಲಯನ್ ಮೊದಲಿಗ. 4 ತಿಂಗಳು ಜೈಲು, 1000 ಡಾಲರ್ ದಂಡ. ಜೈಲಿನಿಂದಲೇ ಚುನಾವಣೆಗೆ ನಿಂತು ಗೆದ್ದ. ನ್ಯೂವಾರ್ಕ್‌ನಲ್ಲಿ ಅಧ್ಯಕ್ಷ ಹಾದುಹೋಗುವಾಗ ತೋಪು ಹಾರಿಸುತ್ತಿದ್ದರೆ, ಕುಡಿದಿದ್ದ ಒಬ್ಬ ಆ ಗುಂಡು ಅಧ್ಯಕ್ಷನ ಕುಂಡಿಗೆ ಬಿದ್ದರೂ ನನಗೇನಂತೆ ಅನ್ನುವ ಅರ್ಥದ ಮಾತಾಡಿದ. ಅವನಿಗೂ ದಂಡ ಬಿತ್ತು.

1800ರ ಚುನಾವಣೆ ಯಾಕೆ ಅಷ್ಟು ಪ್ರಸಿದ್ಧ?

ಮೂಲ ನಿಯಮದಲ್ಲೇ ಒಂದು ತೂತಿತ್ತು. ಅಧ್ಯಕ್ಷನನ್ನು ಆರಿಸಲು ಪ್ರತಿ ರಾಜ್ಯಕ್ಕೆ ಇಷ್ಟು ಅಂತ ಚುನಾಯಕರು, ಪ್ರತಿ ಚುನಾಯಕನಿಗೆ ಎರಡು ಮತ. ಜಾಸ್ತಿ ಬಂದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ. ಪಕ್ಷಗಳೇ ಇರುವುದಿಲ್ಲ ಅಂದುಕೊಂಡು ಮಾಡಿದ ಲೆಕ್ಕ. 1796ರಲ್ಲಿ ಇದರಿಂದ ಆಡಮ್ಸ್ 71, ಜೆಫರ್ಸನ್ 68 ಆಗಿ ಎದುರಾಳಿಗಳಿಬ್ಬರೂ ಒಂದೇ ಸರ್ಕಾರದಲ್ಲಿ ಕೂತರು. 1800ರಲ್ಲಿ ರಿಪಬ್ಲಿಕನ್ನರು ಎಷ್ಟು ಶಿಸ್ತಾಗಿ ಮತ ಹಾಕಿದರು ಅಂದರೆ ಅಧ್ಯಕ್ಷನಾಗಬೇಕಿದ್ದ ಜೆಫರ್ಸನ್‌ಗೂ 73, ಉಪಾಧ್ಯಕ್ಷನಾಗಬೇಕಿದ್ದ ಏರನ್ ಬರ್‌ಗೂ 73. ಆಡಮ್ಸ್‌ಗೆ 65.

ತೀರ್ಮಾನ ಕೆಳಮನೆಗೆ ಹೋಯಿತು. ಅಲ್ಲಿ ರಾಜ್ಯಕ್ಕೆ ಒಂದು ಮತ, 16 ರಾಜ್ಯಗಳಲ್ಲಿ 9 ಬೇಕು. ಜೆಫರ್ಸನ್‌ಗೆ 8, ಬರ್‌ಗೆ 6, ಎರಡು ರಾಜ್ಯ ಒಳಗೇ ಒಡೆದಿದ್ದವು. 1801ರ ಫೆಬ್ರುವರಿ 11ರಿಂದ 17ರವರೆಗೆ 35 ಸಲ ಮತ ಹಾಕಿದರೂ ಅದೇ ಲೆಕ್ಕ. ಬರ್ ನಾನು ಹಿಂದೆ ಸರಿಯುತ್ತೇನೆ ಅನ್ನಲಿಲ್ಲ. ಆಗ ಜೆಫರ್ಸನ್ ಪರ ಪತ್ರ ಬರೆದು ಬರೆದು ಫೆಡರಲಿಸ್ಟರನ್ನು ಒಲಿಸಲು ನೋಡಿದವನು ಹ್ಯಾಮಿಲ್ಟನ್! ಜೆಫರ್ಸನ್‌ಗೆ ಕೆಟ್ಟದಾದರೂ ಒಂದು ತತ್ವ ಇದೆ, ಬರ್‌ಗೆ ಅದೂ ಇಲ್ಲ ಅನ್ನುವುದು ಅವನ ಲೆಕ್ಕ. ಕೊನೆಗೆ ಡೆಲವೇರ್‌ನ ಒಬ್ಬನೇ ಸದಸ್ಯ ಜೇಮ್ಸ್ ಬೇಯರ್ಡ್ ಪಟ್ಟು ಸಡಿಲಿಸಿದ, 36ನೇ ಸುತ್ತಿನಲ್ಲಿ ಜೆಫರ್ಸನ್ ಗೆದ್ದ. ಪದಗ್ರಹಣದ ದಿನ ಆಡಮ್ಸ್ ಬೆಳಕು ಹರಿಯುವ ಮುಂಚೆಯೇ ಗಾಡಿ ಹತ್ತಿ ಊರು ಬಿಟ್ಟ. ಬೇಸರ ಇತ್ತು, ಆದರೆ ಗುಂಡು ಹಾರಲಿಲ್ಲ, ಸೈನ್ಯ ಬರಲಿಲ್ಲ. ತೂತನ್ನು 1804ರ 12ನೇ ತಿದ್ದುಪಡಿ ಮುಚ್ಚಿತು. ಅದೇ ವರ್ಷ ಜುಲೈನಲ್ಲಿ ಬರ್ ಹ್ಯಾಮಿಲ್ಟನ್‌ನನ್ನು ದ್ವಂದ್ವಯುದ್ಧದಲ್ಲಿ ಗುಂಡಿಟ್ಟು ಕೊಂದ.

ಒಂದು ದೊಡ್ಡ ಚೀಸ್ ಕಥೆ ಕೇಳಿದ್ದೇನೆ. ಪಕ್ಷಕ್ಕೂ ಅದಕ್ಕೂ ಏನು ಸಂಬಂಧ?

ನನಗೆ ತುಂಬ ಇಷ್ಟವಾದ ಕಥೆ ಇದು. ಮ್ಯಾಸಚೂಸೆಟ್ಸ್ ಫೆಡರಲಿಸ್ಟರ ಕೋಟೆ. ಅಲ್ಲಿ ಒಂದು ಪಂಥದ ಚರ್ಚಿಗೆ ಸರ್ಕಾರದ ಬೆಂಬಲ, ಅದನ್ನು ನಡೆಸಲು ಜನರಿಂದ ತೆರಿಗೆ. ಬೇರೆ ಪಂಥದ ಬ್ಯಾಪ್ಟಿಸ್ಟರಿಗೆ ಇದು ಸಹಿಸದ ಹೊರೆ. ಧರ್ಮದ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನುವ ಜೆಫರ್ಸನ್ ಗೆದ್ದಾಗ ಚೆಷೈರ್ ಅನ್ನುವ ಹಳ್ಳಿಯವರು ಹಿಗ್ಗಿದರು. ಅವರ ಪಾದ್ರಿ ಜಾನ್ ಲೆಲಂಡ್ ಮಾತಿನಂತೆ ಹಳ್ಳಿಯ ಹಾಲೆಲ್ಲ ಒಟ್ಟುಗೂಡಿಸಿ, ಸೇಬಿನ ರಸ ಹಿಂಡುವ ಗಾಣದಲ್ಲಿ ಒತ್ತಿ ಒಂದೇ ಒಂದು ಚೀಸ್ ಗಡ್ಡೆ ಮಾಡಿದರು. ತೂಕ 1,235 ಪೌಂಡ್, ಅಂದರೆ ಸುಮಾರು 560 ಕಿಲೋ. ಫೆಡರಲಿಸ್ಟರ ಮನೆಯ ಹಸುವಿನ ಒಂದು ಹನಿ ಹಾಲೂ ಇದಕ್ಕೆ ಬಿದ್ದಿಲ್ಲ ಅಂತ ಹೇಳಿಕೊಂಡರು.

1802ರ ಜನವರಿ 1ರಂದು ಅದು ಅಧ್ಯಕ್ಷನ ಮನೆ ಮುಟ್ಟಿತು. ಉಡುಗೊರೆ ತೆಗೆದುಕೊಳ್ಳುವುದಿಲ್ಲ ಅನ್ನುವ ನೇಮ ಇದ್ದ ಜೆಫರ್ಸನ್ 200 ಡಾಲರ್ ಕೊಟ್ಟ. ಧರ್ಮ ಮತ್ತು ಸರ್ಕಾರದ ನಡುವೆ ಗೋಡೆ ಇರಬೇಕು ಅನ್ನುವ ಪ್ರಸಿದ್ಧ ಪತ್ರವನ್ನು ಕನೆಕ್ಟಿಕಟ್‌ನ ಬ್ಯಾಪ್ಟಿಸ್ಟರಿಗೆ ಅವನು ಬರೆದದ್ದೂ ಅದೇ ದಿನ.

ಅಧಿಕಾರಕ್ಕೆ ಬಂದಮೇಲೆ ಜೆಫರ್ಸನ್ ನುಡಿದಂತೆ ನಡೆದನಾ?

ಅಷ್ಟಿಷ್ಟು. ವಿಸ್ಕಿ ಮೇಲಿನ ತೆರಿಗೆ ತೆಗೆದ, ಸೈನ್ಯ ಕಡಿಮೆ ಮಾಡಿದ, ಸಾಲ ಇಳಿಸಿದ. ಆದರೆ 1803ರಲ್ಲಿ ಫ್ರಾನ್ಸ್‌ನಿಂದ 1.5 ಕೋಟಿ ಡಾಲರಿಗೆ ಲೂಸಿಯಾನಾ ಅನ್ನುವ ಭಾರಿ ಪ್ರದೇಶ ಕೊಂಡು ದೇಶವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದ. ನೆಲ ಕೊಳ್ಳುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ? ತಿದ್ದುಪಡಿ ತರಬೇಕು ಅಂತ ಅವನಿಗೇ ಅನಿಸಿತ್ತು, ಆಮೇಲೆ ಬಾಯಿ ಮುಚ್ಚಿಕೊಂಡ. ಈಗ ಅಕ್ಷರ ಹಿಡಿದು ವಾದಿಸುವ ಸರದಿ ಫೆಡರಲಿಸ್ಟರದ್ದು. ಮುಂದೆ 1816ರಲ್ಲಿ ಎರಡನೇ ರಾಷ್ಟ್ರೀಯ ಬ್ಯಾಂಕಿಗೆ ಸಹಿ ಹಾಕಿದವನು ಯಾರು ಗೊತ್ತಾ? ಅಧ್ಯಕ್ಷ ಮ್ಯಾಡಿಸನ್.

ಫೆಡರಲಿಸ್ಟರು ಎಲ್ಲಿ ಹೋದರು?

ಬ್ರಿಟನ್ ಜೊತೆಗಿನ 1812ರ ಯುದ್ಧ ನ್ಯೂ ಇಂಗ್ಲೆಂಡಿನ ವ್ಯಾಪಾರ ಕೆಡಿಸಿತು. 1814ರ ಡಿಸೆಂಬರ್‌ನಲ್ಲಿ ಫೆಡರಲಿಸ್ಟರು ಹಾರ್ಟ್‌ಫರ್ಡ್‌ನಲ್ಲಿ ಬಾಗಿಲು ಹಾಕಿಕೊಂಡು ಸಭೆ ಸೇರಿ ತಮ್ಮ ಬೇಡಿಕೆಗಳ ಪಟ್ಟಿ ಮಾಡಿದರು. ಪಟ್ಟಿ ಹಿಡಿದ ದೂತರು ರಾಜಧಾನಿಗೆ ಬರುವ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಸೇನಾನಿ ಆಂಡ್ರೂ ಜಾಕ್ಸನ್ ಬ್ರಿಟಿಷರನ್ನು ಗೆದ್ದ ಸುದ್ದಿ, ಹಿಂದೆಯೇ ಶಾಂತಿ ಒಪ್ಪಂದದ ಸುದ್ದಿ. ಊರೆಲ್ಲ ಹಬ್ಬ ಮಾಡುವಾಗ ಇವರು ದೂರು ಹಿಡಿದು ನಿಂತ ಹಾಗಾಯಿತು. ದೇಶದ್ರೋಹಿಗಳು ಅನ್ನುವ ಹೆಸರು ಅಂಟಿಕೊಂಡಿತು. 1816ರಲ್ಲಿ ಅವರ ಕೊನೆಯ ಅಭ್ಯರ್ಥಿ ರೂಫಸ್ ಕಿಂಗ್‌ಗೆ ಸಿಕ್ಕಿದ್ದು 34, ಜೇಮ್ಸ್ ಮನ್ರೋಗೆ 183.

ಆದರೆ ನ್ಯಾಯಾಲಯದಲ್ಲಿ ಅವರು ಸೋಲಲಿಲ್ಲ. ಆಡಮ್ಸ್ ಇಳಿಯುವ ಮುಂಚೆ ನೇಮಿಸಿದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1801ರಿಂದ 1835ರವರೆಗೆ ಕುರ್ಚಿ ಬಿಡಲಿಲ್ಲ. 1819ರಲ್ಲಿ ಅವನು ರಾಷ್ಟ್ರೀಯ ಬ್ಯಾಂಕನ್ನು ಎತ್ತಿಹಿಡಿದ ತೀರ್ಪಿನಲ್ಲಿ ಹ್ಯಾಮಿಲ್ಟನ್ ವಾದವೇ ಮತ್ತೆ ಕೇಳಿಸುತ್ತದೆ.

ಇವತ್ತಿನ ರಿಪಬ್ಲಿಕನ್ ಪಕ್ಷ ಜೆಫರ್ಸನ್ ಕಟ್ಟಿದ್ದೇ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಜೆಫರ್ಸನ್ ಪಕ್ಷವನ್ನು ಈಗಿನವರು ಗೊಂದಲ ಬೇಡ ಅಂತ ಡೆಮಾಕ್ರಟಿಕ್-ರಿಪಬ್ಲಿಕನ್ ಅನ್ನುತ್ತಾರೆ. ಡೆಮಾಕ್ರಟ್ ಅನ್ನುವುದು ಮೊದಲು ಫೆಡರಲಿಸ್ಟರು ಬಳಸುತ್ತಿದ್ದ ಬೈಗುಳ. ಆ ಪಕ್ಷ 1824ರಲ್ಲಿ ಒಡೆಯಿತು. ಅಧ್ಯಕ್ಷಗಿರಿಗೆ ನಾಲ್ವರು, ನಾಲ್ವರೂ ಅದೇ ಪಕ್ಷದವರು. ಜಾಕ್ಸನ್‌ಗೆ 99, ಹಿಂದಿನ ಅಧ್ಯಕ್ಷ ಆಡಮ್ಸ್ ಮಗ ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಯಾರಿಗೂ ಬಹುಮತ ಇಲ್ಲ. ಕೆಳಮನೆ ಆಡಮ್ಸ್‌ನನ್ನು ಆರಿಸಿತು, ಅವನಿಗೆ ಬೆಂಬಲ ಕೊಟ್ಟ ಹೆನ್ರಿ ಕ್ಲೇ ವಿದೇಶಾಂಗ ಮಂತ್ರಿಯಾದ. ಇದು ಕೊಳಕು ವ್ಯವಹಾರ ಅಂತ ಜಾಕ್ಸನ್ ಬಳಗ ನಾಲ್ಕು ವರ್ಷ ಬೊಬ್ಬೆ ಹೊಡೆದು 1828ರಲ್ಲಿ ಗೆದ್ದಿತು. ನ್ಯೂಯಾರ್ಕಿನ ಮಾರ್ಟಿನ್ ವ್ಯಾನ್ ಬ್ಯೂರೆನ್ ಊರೂರಲ್ಲಿ ಸಮಿತಿ ಕಟ್ಟಿ ಇದನ್ನು ಡೆಮಾಕ್ರಟಿಕ್ ಪಕ್ಷ ಮಾಡಿದ. ಪಕ್ಷ ಇರುವುದು ಒಳ್ಳೆಯದೇ ಅಂತ ನಾಚಿಕೆ ಬಿಟ್ಟು ವಾದಿಸಿದ ಮೊದಲಿಗರಲ್ಲಿ ಅವನೊಬ್ಬ.

ಜಾಕ್ಸನ್ ರಾಜನ ಹಾಗೆ ಆಡುತ್ತಾನೆ ಅಂದವರು 1834ರ ಹೊತ್ತಿಗೆ ವಿಗ್ ಪಕ್ಷವಾದರು. ಇಂಗ್ಲೆಂಡಿನಲ್ಲಿ ರಾಜನ ಅಧಿಕಾರ ವಿರೋಧಿಸಿದವರ ಹೆಸರು ಅದು. ವಿಗ್ ಪಕ್ಷ ಗುಲಾಮಗಿರಿ ವಿಷಯದಲ್ಲಿ ಒಡೆದು ಹೋಳಾದ ಮೇಲೆ 1854ರಲ್ಲಿ ಹುಟ್ಟಿದ್ದು ಇಂದಿನ ರಿಪಬ್ಲಿಕನ್ ಪಕ್ಷ.

ಆಗ ಮತ ಹಾಕುತ್ತಿದ್ದವರು ಯಾರು?

ಬಹುಮಟ್ಟಿಗೆ ಆಸ್ತಿ ಇದ್ದ ಅಥವಾ ತೆರಿಗೆ ಕಟ್ಟುವ ಬಿಳಿ ಗಂಡಸರು. ನ್ಯೂಜೆರ್ಸಿಯಲ್ಲಿ ಮಾತ್ರ ಆಸ್ತಿ ಇದ್ದ ಹೆಂಗಸರಿಗೂ 1807ರವರೆಗೆ ಮತ ಇತ್ತು, ಆಮೇಲೆ ಕಿತ್ತುಕೊಂಡರು. ವರ್ಜೀನಿಯಾದಲ್ಲಿ ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಿ ಮತ ಹಾಕಬೇಕಿತ್ತು. ಅಭ್ಯರ್ಥಿ ಹೆಂಡ ಕುಡಿಸುವುದು ರೂಢಿ. 1777ರಲ್ಲಿ ಮ್ಯಾಡಿಸನ್ ಹೆಂಡ ಹಂಚಲ್ಲ ಅಂತ ಹಟ ಹಿಡಿದು ಸೋತ. ನಮ್ಮೂರಿನ ಯಾವುದೋ ಪಂಚಾಯಿತಿ ಚುನಾವಣೆ ನೆನಪಾಯಿತಾ?

ಗೆರಿಮ್ಯಾಂಡರ್ ಅನ್ನುವ ಮಾತೂ ಆ ಕಾಲದ್ದೇ?

ಹೌದು. ಪಕ್ಷದ ಲಾಭಕ್ಕೆ ಕ್ಷೇತ್ರದ ಗೆರೆ ತಿರುಚುವುದಕ್ಕೆ ಹಾಗನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ರಿಪಬ್ಲಿಕನ್ನರಿಗೆ ಲಾಭವಾಗುವಂತೆ ಗೆರೆ ಎಳೆದ ಕ್ಷೇತ್ರಗಳ ಮಸೂದೆಗೆ ಸಹಿ ಹಾಕಿದ. ಒಂದು ಕ್ಷೇತ್ರ ಸೊಟ್ಟಪಟ್ಟ ಹರಿದು ಸ್ಯಾಲಮ್ಯಾಂಡರ್ ಅನ್ನುವ ಹಲ್ಲಿಯಂಥ ಪ್ರಾಣಿಯ ಹಾಗೆ ಕಾಣುತ್ತಿತ್ತು. ಬಾಸ್ಟನ್‌ನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಗೆರಿ ಹೆಸರು ಸೇರಿಸಿ ಅಚ್ಚು ಹಾಕಿತು.

ಕತ್ತೆ, ಆನೆ?

1828ರಲ್ಲಿ ಜಾಕ್ಸನ್‌ನನ್ನು ವಿರೋಧಿಗಳು ಕತ್ತೆ ಅಂದರು, ಇಂಗ್ಲಿಷಿನಲ್ಲಿ ಕತ್ತೆಗೆ ‘ಜ್ಯಾಕ್ ಆಸ್’ ಅನ್ನುವುದರಿಂದ ಹೆಸರಿಗೆ ಪ್ರಾಸವೂ ಕೂಡಿಬಂತು. ಎರಡೂ ಪ್ರಾಣಿಗಳನ್ನು ಗಟ್ಟಿಯಾಗಿ ಕೂರಿಸಿದ್ದು 1870ರ ದಶಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್.

ಆಡಮ್ಸ್, ಜೆಫರ್ಸನ್ ಮತ್ತೆ ಮಾತಾಡಿದರಾ?

ಮಾತಾಡಿದರು, ಪತ್ರದಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಮುನಿಸು ಇತ್ತು. ಇಬ್ಬರಿಗೂ ಬೇಕಾದ ಡಾಕ್ಟರ್ ಬೆಂಜಮಿನ್ ರಶ್ ನಡುವೆ ನಿಂತು ಒಂದು ಮಾಡಿದ. 1812ರ ಜನವರಿ 1ರಂದು ಆಡಮ್ಸ್ ಒಂದು ಪುಟ್ಟ ಪತ್ರ ಬರೆದು, ನಿನಗೆ ಮನೆಯಲ್ಲೇ ನೇಯ್ದ ಎರಡು ತುಂಡು ಬಟ್ಟೆ ಕಳಿಸುತ್ತಿದ್ದೇನೆ ಅಂದ. ಪತ್ರ ಮೊದಲು ಮುಟ್ಟಿತು, ಪೊಟ್ಟಣ ಹಿಂದೆ ಉಳಿಯಿತು. ಜೆಫರ್ಸನ್ ನಿಜವಾಗಿಯೂ ಬಟ್ಟೆ ಅಂದುಕೊಂಡು, ವರ್ಜೀನಿಯಾದಲ್ಲಿ ಮನೆಮನೆಯಲ್ಲಿ ನೂಲುವುದು, ನೇಯುವುದು ಹೇಗೆ ನಡೆದಿದೆ ಅಂತ ಉತ್ಸಾಹದಿಂದ ಉತ್ತರ ಬರೆದ. ಆಮೇಲೆ ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಎರಡು ಪುಸ್ತಕ, ಆಡಮ್ಸ್ ಮಗನ ಉಪನ್ಯಾಸಗಳು.